ಯಾರನ್ನು ತೆಗೆಯಲಿ, ಹೇಳಿ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಹತ್ತು ಶ್ರೇಷ್ಠ ಅಂಡರ್‌ಗ್ರೌಂಡ್ ಹಿಪ್‌ಹಾಪ್ ಆಲ್ಬಮ್‌ಗಳ ಪಟ್ಟಿ ನೋಡಿ ಬೇಜಾರಾಯಿತು. 'ಮ್ಯಾಡ್‌ವಿಲನಿ'ಗೆ ಮೊದಲ ಸ್ಥಾನ ಕೊಡುವುದು ಈಗ ಎಲ್ಲರೂ ಮಾಡುವ ಕೆಲಸ. ಕಂಪನಿ ಫ್ಲೋ ತಂಡದ 'ಫಂಕ್ರಷರ್ ಪ್ಲಸ್' ಇಲ್ಲವೇ ಇಲ್ಲ. ಅಂಡರ್‌ಗ್ರೌಂಡ್ ಅನ್ನೋದು ಶುರುವಾಗಿದ್ದೇ ಅಲ್ಲಿಂದ. ಕನ್ನಡದ ಒಂದು ಹೆಸರೂ ಕಾಣಲಿಲ್ಲ. ಹೋಗಲಿ ಬಿಡಿ, ರುಚಿ ಅವರವರದು. ಹಾಗಿದ್ದ ಮೇಲೆ 'ಶ್ರೇಷ್ಠ' ಅಂತ ಯಾಕೆ ಅಚ್ಚು ಹಾಕುತ್ತೀರಿ?" – ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆವು. ಇಬ್ಬರು ನಿಮ್ಮ ಪರ ನಿಂತರು, ಒಬ್ಬರು ನನ್ನ ಪರ. ಅಂಡರ್‌ಗ್ರೌಂಡ್, ಅಂದರೆ ಜನಪ್ರಿಯ ಧಾರೆಯ ಆಚೆಗಿನ ರ‍್ಯಾಪ್‌ನ ಆ ಪಟ್ಟಿ ಮಾಡಿದವನು ನಾನೇ. ಹಾಗಾಗಿ ಬೈಗುಳವೂ ನನಗೇ ಸೇರಬೇಕು.

ರುಚಿ ಅವರವರದು ಎಂಬ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಅದನ್ನು ಪತ್ರದ ಕೊನೆಗೆ ಇಟ್ಟಿರಲ್ಲ, ಅದು ಒಪ್ಪಿಗೆಯಾಗಲಿಲ್ಲ. ಅಷ್ಟು ಹೊತ್ತು ಜಗಳವಾಡಿ, ಇನ್ನೇನು ಬಿಸಿ ಏರಬೇಕು ಅನ್ನುವಾಗ 'ಹೋಗಲಿ ಬಿಡಿ' ಎಂದು ಟವೆಲ್ ಕೊಡವಿಕೊಂಡು ಎದ್ದುಬಿಟ್ಟ ಹಾಗಿದೆ. ನನ್ನ ರುಚಿಯಲ್ಲಿ ಎಷ್ಟು ನನ್ನದು, ಎಷ್ಟು ಹಾಡಿನದು ಎಂದು ಬಿಡಿಸಿ ನೋಡೋಣ, ಬನ್ನಿ.

ರ‍್ಯಾಪರ್ ಎಂಎಫ್ ಡೂಮ್ ಮತ್ತು ಬೀಟು ಕಟ್ಟುವ ಮ್ಯಾಡ್‌ಲಿಬ್ ಸೇರಿ ಮಾಡಿದ ಮ್ಯಾಡ್‌ವಿಲನಿ ಹೊರಬಂದದ್ದು 2004ರ ಮಾರ್ಚ್‌ನಲ್ಲಿ. ನನಗೆ ಸಿಕ್ಕಿದ್ದು ಮಾರನೇ ವರ್ಷ, ಗೆಳೆಯನೊಬ್ಬ ರೈಟ್ ಮಾಡಿಕೊಟ್ಟ ಎಂಪಿ3 ಸಿಡಿಯಲ್ಲಿ. ನನ್ನ ಪ್ಲೇಯರ್ ಹಾಡುಗಳನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಹಾಡಿಸುತ್ತಿತ್ತು. 'ಅಕಾರ್ಡಿಯನ್' ಮೊದಲು, 'ಆಲ್ ಕ್ಯಾಪ್ಸ್' ಎರಡನೆಯದು. ಅಸಲಿಗೆ ಆಲ್ ಕ್ಯಾಪ್ಸ್ ಬರುವುದು 22 ಹಾಡುಗಳಲ್ಲಿ 20ನೆಯದಾಗಿ! ಎರಡು ವರ್ಷ ನಾನು ಬೇರೆಯೇ ಆಲ್ಬಮ್ ಕೇಳಿದ್ದೆ. ಈಗಲೂ ಸರಿಯಾದ ಕ್ರಮದಲ್ಲಿ ಕೇಳಿದರೆ ಎಲ್ಲೋ ತಪ್ಪಿದೆ ಅನಿಸುತ್ತದೆ. ಮೆಜೆಸ್ಟಿಕ್‌ನಿಂದ ಯಲಹಂಕಕ್ಕೆ ರಾತ್ರಿ ಬಸ್ಸು, ಹೆಬ್ಬಾಳದಲ್ಲಿ ನಿಂತ ಟ್ರಾಫಿಕ್, ಕಿವಿಯಲ್ಲಿ ಆ ಸೋಮಾರಿ ದನಿ. ಇದನ್ನು ನಿಮ್ಮ ಮೇಲೆ ಹೇರಲು ಆಗುತ್ತದಾ? ಇಷ್ಟು ನನ್ನ ಸ್ವಂತದ್ದು.

ಡೂಮ್ ಪ್ರಾಸ ಕಟ್ಟುವ ಬಗೆ ಮಾತ್ರ ಯಾರು ಕೇಳಿದರೂ ಅಲ್ಲೇ ಇರುತ್ತದೆ. ಬೇರೆಯವರು ಸಾಲಿನ ಕೊನೆಯ ಪದಕ್ಕೆ ಜೋಡಿ ಹುಡುಕಿದರೆ, ಈತ ನಾಲ್ಕೈದು ಅಕ್ಷರಗಳ ಗುಂಪನ್ನೇ ಎತ್ತಿ ಮುಂದಿನ ಸಾಲಿನ ನಡುವೆ ಕೂರಿಸುತ್ತಾನೆ. ಪಲ್ಲವಿ ಹೆಚ್ಚುಕಡಿಮೆ ಇಲ್ಲ. ಎಷ್ಟೋ ಹಾಡು ಎರಡು ಎರಡೂವರೆ ನಿಮಿಷಕ್ಕೆ ಮುಗಿದೇ ಹೋಗುತ್ತವೆ. 'ಫ್ಯಾನ್ಸಿ ಕ್ಲೌನ್' ಹಾಡಿನಲ್ಲಿ ವಿಕ್ಟರ್ ವಾನ್ ಎಂಬ ತನ್ನದೇ ಇನ್ನೊಂದು ವೇಷದಲ್ಲಿ ಬಂದು, ಗೆಳತಿ ಡೂಮ್ ಜೊತೆ ಓಡಾಡುತ್ತಿದ್ದಾಳೆ ಎಂದು ಗೋಳಾಡುತ್ತಾನೆ. ತನ್ನ ಮೇಲೆ ತನಗೇ ಹೊಟ್ಟೆಕಿಚ್ಚು. ಇದನ್ನೆಲ್ಲ ಬೆರಳಿಟ್ಟು ತೋರಿಸಬಹುದು. ನೀವು 'ಇದರಲ್ಲೇನಿದೆ' ಎಂದು ಬೆರಳು ಸರಿಸಬಹುದು. ಜಗಳಕ್ಕೆ ಅಷ್ಟು ಸಾಕಲ್ವಾ?

(ಆಲ್ ಕ್ಯಾಪ್ಸ್‌ನಲ್ಲಿ ಡೂಮ್ ತನ್ನ ಹೆಸರನ್ನು ದೊಡ್ಡಕ್ಷರಗಳಲ್ಲೇ ಬರೆಯಬೇಕು ಎಂದು ತಾಕೀತು ಮಾಡುತ್ತಾನೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಎಲ್ಲಿಂದ ತರುವುದು? ಪ್ರೂಫ್ ನೋಡುವವರು ಕೊನೆಗೆ ಬೋಲ್ಡ್ ಮಾಡಿ ಕೈತೊಳೆದುಕೊಂಡರು.)

ಇನ್ನು ಕಂಪನಿ ಫ್ಲೋ. ಫಂಕ್ರಷರ್ ಪ್ಲಸ್ ಬಿಟ್ಟದ್ದು ತಪ್ಪು, ಒಪ್ಪಿದೆ. ಆದರೆ ಅಂಡರ್‌ಗ್ರೌಂಡ್ ಶುರುವಾಗಿದ್ದೇ ಅಲ್ಲಿಂದ ಎಂಬುದು ಜಾಸ್ತಿಯಾಯಿತು. ಆ ಆಲ್ಬಮ್ ಬಂದದ್ದು 1997ರಲ್ಲಿ, ರಾಕಸ್ ಎಂಬ ರೆಕಾರ್ಡ್ ಕಂಪನಿಯಿಂದ. ರಾಕಸ್‌ಗೆ ದುಡ್ಡು ಹಾಕಿದವರಲ್ಲಿ ರೂಪರ್ಟ್ ಮರ್ಡಾಕ್ ಅವರ ಮಗ ಜೇಮ್ಸ್ ಇದ್ದರು. ನೆಲದಡಿಯ ಸಂಗೀತಕ್ಕೆ ಮಾಧ್ಯಮ ದೊರೆಯ ಮನೆಯ ಬಂಡವಾಳ! ಅದರಿಂದ ಆಲ್ಬಮ್ ಕೆಡುವುದಿಲ್ಲ. ಆದರೆ ಅಂಡರ್‌ಗ್ರೌಂಡ್ ಎಂದರೆ ದುಡ್ಡಿನ ಮಾತೋ, ಸದ್ದಿನ ಮಾತೋ ಎಂದು ಮೊದಲು ತೀರ್ಮಾನ ಮಾಡಬೇಕಿತ್ತು. ನಾನೂ ಮಾಡಲಿಲ್ಲ, ನೀವೂ ಮಾಡಲಿಲ್ಲ.

ಅದಕ್ಕೂ ಮುಂಚೆ, ತೊಂಬತ್ತರ ದಶಕದ ಶುರುವಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಗುಡ್ ಲೈಫ್ ಎಂಬ ಕೆಫೆ ಇತ್ತು. ಆರೋಗ್ಯಕರ ತಿಂಡಿ ಮಾರುವ ಜಾಗ. ವಾರಕ್ಕೊಂದು ರಾತ್ರಿ ಯಾರು ಬೇಕಾದರೂ ಮೈಕ್ ಹಿಡಿಯಬಹುದಿತ್ತು. ಕೆಟ್ಟ ಮಾತಿಗೆ ಮಾತ್ರ ಅವಕಾಶವಿಲ್ಲ. ಹಾಡಿದ್ದು ಸಪ್ಪೆ ಎನಿಸಿದರೆ ಜನರೆಲ್ಲ ಸೇರಿ 'ದಯವಿಟ್ಟು ಮೈಕ್ ಕೊಡಿ' ಎಂದು ಕೂಗುತ್ತಿದ್ದರು. ಫ್ರೀಸ್ಟೈಲ್ ಫೆಲೋಶಿಪ್ ತಂಡ ಪಳಗಿದ್ದು ಅಲ್ಲೇ. 1991ರಲ್ಲಿ ಅವರು ಮೊದಲ ಆಲ್ಬಮನ್ನು ತಾವೇ ಹೊರತಂದರು. ಆ ಕೆಫೆಯ ಜನರಿಗೆ ಯಾರಾದರೂ 'ರುಚಿ ಅವರವರದು' ಎಂದಿದ್ದರೆ ಅವರ ಕೈಯಿಂದಲೂ ಮೈಕ್ ಕಿತ್ತುಕೊಳ್ಳುತ್ತಿದ್ದರೇನೋ!

ಈಗ ಕನ್ನಡ. ಇಲ್ಲಿ ನಿಮ್ಮ ಏಟು ಸರಿಯಾದ ಜಾಗಕ್ಕೇ ಬಿದ್ದಿದೆ. ಬಿಗ್ ಬಾಸ್ ಗೆದ್ದ ಚಂದನ್ ಶೆಟ್ಟಿಯವರನ್ನು ಅಂಡರ್‌ಗ್ರೌಂಡ್ ಎನ್ನಲು ಬರುವುದಿಲ್ಲ, ಅದು ಬೇರೆ. ಆದರೆ ಎಂಸಿ ಬಿಜ್ಜು, ರಾಹುಲ್ ಡಿಟ್‌ಓ, ಸಿರಿ, ಗುಬ್ಬಿ ಇವರೆಲ್ಲ ನನ್ನ ಫೋನಿನಲ್ಲಿದ್ದಾರೆ, ಪಟ್ಟಿಯಲ್ಲಿಲ್ಲ. ಯಾಕೆ? ನಾನು ಹಿಡಿದ ಅಳತೆಗೋಲೇ ಆಲ್ಬಮ್. ನಮ್ಮವರು ಬಹುಪಾಲು ಬಿಡಿ ಬಿಡಿ ಹಾಡು ಬಿಡುತ್ತಾರೆ. ಮಹಾಕಾವ್ಯ ಎಷ್ಟಿದೆ ಎಂದು ವಚನಕಾರರನ್ನು ಕೇಳಿದ ಹಾಗಾಯಿತು.

ಇನ್ನೊಂದು ಕಾರಣ ಹೇಳಲು ಸ್ವಲ್ಪ ಸಂಕೋಚ. ಕನ್ನಡ ರ‍್ಯಾಪನ್ನು ನಾನು ಜಾಸ್ತಿ ಕಟುವಾಗಿ ಕೇಳುತ್ತೇನೆ. ಇಂಗ್ಲಿಷ್ ಹಾಡಿನಲ್ಲಿ ಅರ್ಧ ಅರ್ಥವಾಗದಿದ್ದರೂ ನಾದಕ್ಕೆ ತಲೆದೂಗುತ್ತೇನೆ. ಕನ್ನಡದಲ್ಲಿ ಪ್ರತಿ ಮಾತೂ ತಿಳಿಯುತ್ತದೆ, ಹಾಗಾಗಿ ಪ್ರತಿ ಸುಲಭದ ದಾರಿಯೂ ಕಾಣುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಬರ್ತೀನಿ, ಹೋಗ್ತೀನಿ, ನೋಡ್ತೀನಿ.' ಸುಮ್ನೆ ಮಾತಾಡಿದರೂ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಶಭಾಷ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ತಲೆಯ ಕಡೆ, ಎರಡನೇ ಅಕ್ಷರದಲ್ಲಿ ಇಟ್ಟಿದ್ದರು. ಹಳೆಯ ಬಸ್ಸು, ಮಳೆಯ ನೀರು, ಕೊಳೆತ ಸೊಪ್ಪು, ಹೀಗೆ. ಆ ಕಟ್ಟು ಬಹಳ ಬಿಗಿ ಎಂದು ಗೋವಿಂದ ಪೈ 1911ರಲ್ಲಿ ಅದನ್ನು ಬಿಟ್ಟರು, ಆಮೇಲೆ ಬೇರೆಯವರೂ ಬಿಟ್ಟರು. ಬೀಟಿನ ಮೇಲೆ ಅದು ಹೇಗೆ ಕೂರುತ್ತದೆ ಎಂದು ಯಾರಾದರೂ ಒಂದು ಇಡೀ ಹಾಡಿನಲ್ಲಿ ತೋರಿಸಿದರೆ ನಾನು ಅವರಿಗೆ ಒಂದು ಪುಟ ಬಿಟ್ಟುಕೊಡುತ್ತೇನೆ. ಇನ್ನು ಹಾಡಿನಲ್ಲೇ ಸವಾಲು, ಹಾಡಿನಲ್ಲೇ ಜವಾಬು ಕೊಡುವ ಆಟ ನಮಗೇನೂ ಹೊಸದಲ್ಲ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಶಿವ ದೊಡ್ಡವನೆಂದು ಹರದೇಶಿಯವರು, ಶಕ್ತಿ ದೊಡ್ಡವಳೆಂದು ನಾಗೇಶಿಯವರು ದಪ್ಪು ಬಡಿದು ವಾದಿಸುತ್ತಾ ಬಂದಿದ್ದಾರೆ. ಅಲ್ಲಿಯೂ 'ಹೋಗಲಿ ಬಿಡಿ' ನಡೆಯುವುದಿಲ್ಲ.

ರುಚಿ ಬದಲಾಗುತ್ತದೆ ಎಂಬುದಕ್ಕೂ ನನ್ನಲ್ಲೇ ಸಾಕ್ಷಿ ಇದೆ. ಪಟ್ಟಿಯಲ್ಲಿ ಆರನೆಯದು ಕ್ಯಾನಿಬಲ್ ಆಕ್ಸ್ ತಂಡದ 'ದಿ ಕೋಲ್ಡ್ ವೇನ್', 2001ರದು. ಬೀಟು ಕಂಪನಿ ಫ್ಲೋದ ಎಲ್‌-ಪಿ ಅವರದೇ. ಮೊದಲ ಸಲ ಕೇಳಿದಾಗ ಪಾತ್ರೆ ಅಂಗಡಿ ಕುಸಿದ ಹಾಗಿತ್ತು. ಹತ್ತು ನಿಮಿಷಕ್ಕೆ ನಿಲ್ಲಿಸಿದ್ದೆ. ಮುಂದೆ ನಮ್ಮ ಮನೆ ಮುಂದೆ ಮೆಟ್ರೊ ಕಾಮಗಾರಿ ಶುರುವಾಯಿತು. ರಾತ್ರಿಯೆಲ್ಲ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ನಿದ್ದೆ ಬಾರದೆ ಒಂದು ರಾತ್ರಿ ಅದೇ ಆಲ್ಬಮ್ ಹಾಕಿದೆ. ಹೊರಗಿನ ಸದ್ದೂ ಒಳಗಿನ ಸದ್ದೂ ಸೇರಿಕೊಂಡವು. ಆಲ್ಬಮ್ ಹಾಗೇ ಇತ್ತು, ಕೇಳುವ ಕಿವಿ ಬೇರೆಯಾಗಿತ್ತು. ಆ ಅರ್ಥದಲ್ಲಿ ನಿಮ್ಮ ಮಾತು ನಿಜ.

ಮುಂದಿನ ಸಂಚಿಕೆಯಲ್ಲಿ ಕನ್ನಡದ ಬಿಡಿ ಹಾಡುಗಳದೇ ಪಟ್ಟಿ ಇರುತ್ತದೆ. ಅದನ್ನು ನಾನೊಬ್ಬನೇ ಮಾಡುವುದಿಲ್ಲ. ಹಳೆಯ ಪಟ್ಟಿಗೆ ಫಂಕ್ರಷರ್ ಪ್ಲಸ್ ಸೇರಿಸಲೂ ತಯಾರಿದ್ದೇನೆ. ಆದರೆ ಜಾಗ ಇರುವುದು ಹತ್ತೇ. ಸೇರಿಸಿ ಎಂದಿರಿ, ಯಾರನ್ನು ತೆಗೆಯಬೇಕು ಎಂದು ಬರೆಯಲೇ ಇಲ್ಲ. ಹೆಸರು ಹೇಳಿ, ಕಾರಣವನ್ನೂ ಬರೆಯಿರಿ. ಕೋಲ್ಡ್ ವೇನ್ ಒಂದನ್ನು ಬಿಟ್ಟು.

– ಸಂ.