ಹಳೆಯ ಮದುವೆಯ ಕ್ಯಾಸೆಟ್ ನೋಡಲು ಯಾವ ಕಂಪನಿಯ ವಿಸಿಆರ್ ನಂಬಬಹುದು?

ಗಲ್ಫಿನಿಂದ ಬಂದ ವಿಸಿಆರ್ (ವಿಡಿಯೊ ಕ್ಯಾಸೆಟ್ ಓಡಿಸುವ ಯಂತ್ರ) ಅಟ್ಟದಲ್ಲಿದೆ, ಅಪ್ಪ ಅಮ್ಮನ ಮದುವೆಯ ಕ್ಯಾಸೆಟ್ ಕಪಾಟಿನಲ್ಲಿದೆ, ಆ ಯಂತ್ರವನ್ನೇ ನಂಬಬಹುದೇ ಅಥವಾ ಬಾಳಿಕೆ ಬರುವ ಬೇರೆ ಕಂಪನಿಯದ್ದನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಮದುವೆ ಎಂಬಲ್ಲಿ ತಾಳಮದ್ದಳೆ ಎಂದು ಬರೆದರೆ ಇದು ಕೆಲವು ವರ್ಷಗಳ ಹಿಂದೆ ನಾನು ಊರಲ್ಲಿ ಕಂಡಕಂಡವರನ್ನೆಲ್ಲ ಕೇಳುತ್ತಿದ್ದ ಪ್ರಶ್ನೆಯೇ ಆಗುತ್ತದೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಎಂಬತ್ತರ ದಶಕದಲ್ಲಿ ಚಿಕ್ಕಪ್ಪ ದುಬೈಯಿಂದ ರಜೆಯಲ್ಲಿ ಬರುವಾಗ ಕಂಬಳಿಯಲ್ಲಿ ಸುತ್ತಿ ವಿಸಿಆರ್ ಒಂದನ್ನು ತಂದರು. ಕಾಸರಗೋಡಿನಿಂದ ಮಂಜೇಶ್ವರದವರೆಗಿನ ಊರುಗಳಲ್ಲಿ ಆಗ ಗಲ್ಫಿಗೆ ಹೋದವರಿಲ್ಲದ ಬೀದಿ ಅಪರೂಪ. ನ್ಯಾಷನಲ್, ಅಕಾಯ್, ಸೋನಿ, ಹಿಟಾಚಿ ಎಂಬ ಹೆಸರುಗಳನ್ನು ಟಿವಿ ಇಲ್ಲದ ಮನೆಯ ಮಕ್ಕಳೂ ಬಾಯಿಪಾಠ ಹೇಳುತ್ತಿದ್ದರು. ಯಾರ ಮನೆಯದ್ದು ಒಳ್ಳೆಯದು ಎಂಬ ವಾದ ಶುರುವಾದರೆ ಚಿತ್ರದ ಮಾತು ಹಿಂದೆ ಬಿದ್ದು, ತೂಕದ ಮಾತೇ ಮುಂದೆ ಬರುತ್ತಿತ್ತು. ಎತ್ತಲು ಕಷ್ಟವಾದಷ್ಟೂ ಯಂತ್ರ ಗಟ್ಟಿ ಎಂದು ಎಲ್ಲರೂ ನಂಬಿದ್ದರು. ನಿಮ್ಮ ಪ್ರಶ್ನೆಯಲ್ಲೂ ‘ಹಳೆಯ ಭಾರದ ಮಾಡೆಲ್’ ಎಂಬ ಮಾತು ಇರುವುದರಿಂದ ಆ ನಂಬಿಕೆ ಇನ್ನೂ ಉಳಿದಿದೆ ಎಂದು ತಿಳಿಯಿತು.

ನಮ್ಮ ಯಂತ್ರ ಹೊಸದರಲ್ಲಿ ಚೆನ್ನಾಗಿಯೇ ದುಡಿಯಿತು, ಅದರಲ್ಲಿ ಎರಡು ಮಾತಿಲ್ಲ. ಸಂಜೆಯಾದರೆ ಬಲ್ಬು ಕೆಂಪಗೆ ಮಿಣುಕುವಷ್ಟು ವೋಲ್ಟೇಜ್ ಇಳಿಯುತ್ತಿದ್ದ ಕಾಲದಲ್ಲಿ, ಕಟಕಟ ಸದ್ದು ಮಾಡುವ ಒಂದು ಸ್ಟೆಬಿಲೈಸರಿನ ಆಸರೆಯಲ್ಲಿ, ಪೇಟೆಯಿಂದ ಬಾಡಿಗೆಗೆ ತಂದ ಕನ್ನಡ, ಮಲಯಾಳಂ, ಹಿಂದಿ ಕ್ಯಾಸೆಟ್‌ಗಳನ್ನು ಅದು ರಾತ್ರಿಯಿಡೀ ಓಡಿಸುತ್ತಿತ್ತು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಜೂನ್ ಬಂತೆಂದರೆ ಯಂತ್ರದ ಮುಖದಲ್ಲಿ ಡ್ಯೂ ಎಂಬ ದೀಪ ಹತ್ತಿಕೊಂಡು, ಒಳಗೆ ತೇವ ಇರುವ ತನಕ ಅದು ಯಾವ ಗುಂಡಿಗೂ ಜಗ್ಗುತ್ತಿರಲಿಲ್ಲ. ಅದನ್ನು ಕೆಟ್ಟುಹೋಯಿತೆಂದು ಬೈಯುತ್ತಿದ್ದೆವು. ವಾಸ್ತವದಲ್ಲಿ ಆ ದೀಪವೇ ನಮ್ಮ ಕ್ಯಾಸೆಟ್‌ಗಳನ್ನು ಕಾಪಾಡುತ್ತಿತ್ತು: ಯಂತ್ರದೊಳಗೆ ತಿರುಗುವ ಡ್ರಮ್ಮು ಒದ್ದೆಯಾಗಿ ಅದಕ್ಕೆ ಟೇಪು ಅಂಟಿಕೊಂಡರೆ ಸುತ್ತಿಕೊಂಡು ಹರಿಯುತ್ತದೆ. ಸ್ವಿಚ್ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ತನ್ನದೇ ಬಿಸಿಯಿಂದ ಒಣಗಿ ಅದು ಸರಿಯಾಗುತ್ತಿತ್ತು. ಮುಂದೆ ವಿಸಿಡಿ ಬಂದ ಮೇಲೆ ವಿಸಿಆರ್‌ಗೆ ಕೆಲಸವಿಲ್ಲದೆ, ಮೊದಲು ಅತ್ತೆ ಹೆಣೆದ ಲೇಸಿನ ಹೊದಿಕೆಯಡಿ ಚಾವಡಿಯಲ್ಲಿ, ಆಮೇಲೆ ಅಟ್ಟದಲ್ಲಿ ಕುಳಿತಿತು. ಅದು ಹಾಳಾದದ್ದು ಓಡಿಸಿದ ವರ್ಷಗಳಲ್ಲಿ ಅಲ್ಲ, ಹೀಗೆ ಜೋಪಾನ ಮಾಡಿದ ವರ್ಷಗಳಲ್ಲಿ.

ಈಗ ಕ್ಯಾಸೆಟ್ಟಿನ ವಿಷಯ. ನಮ್ಮ ಚಾವಡಿಯಲ್ಲಿ ನಡೆದ ಒಂದು ತಾಳಮದ್ದಳೆಯನ್ನು ಸ್ಟುಡಿಯೋದವರನ್ನು ಕರೆಸಿ ರೆಕಾರ್ಡ್ ಮಾಡಿಸಿದ್ದೆವು. ಅದರಲ್ಲಿ ಅಜ್ಜನದ್ದು ವಾಲಿಯ ಅರ್ಥ, ಅಂದರೆ ವಾಲಿಯ ಪಾತ್ರದ ಮಾತುಗಾರಿಕೆ. ಅಜ್ಜನ ಫೋಟೋಗಳು ಬೇಕಾದಷ್ಟಿವೆ, ಆದರೆ ಅವರ ಸ್ವರ ಇರುವುದು ಆ ಒಂದೇ ಕ್ಯಾಸೆಟ್ಟಿನಲ್ಲಿ, ಪ್ರತಿ ಇಲ್ಲ. ಅವರು ತೀರಿಕೊಂಡು ವರ್ಷಗಳಾದ ಮೇಲೆ, ಮನೆಮಂದಿಯೆಲ್ಲ ಸೇರಿದ್ದಾಗ ಅದನ್ನು ನೋಡುವ ಮನಸ್ಸಾಯಿತು. ಅಟ್ಟದಿಂದ ಯಂತ್ರವನ್ನು ಇಳಿಸಿ, ಧೂಳು ಒರೆಸಿ, ಗಾಳಿಕಂಡಿಯಲ್ಲಿದ್ದ ಹಲ್ಲಿಮೊಟ್ಟೆಗಳನ್ನು ತೆಗೆದು ಪ್ಲಗ್ ಹಾಕಿದರೆ ಗಡಿಯಾರದ ಹಸಿರು ಅಂಕಿಗಳು ಮಿನುಗಿದವು. ದೀಪ ಹತ್ತಿದೆ, ಕ್ಯಾಸೆಟ್ಟನ್ನು ಒಳಗೆ ಎಳೆದುಕೊಂಡಿದೆ, ಮೋಟಾರಿನ ಸದ್ದೂ ಇದೆ. ಇನ್ನೇನು ಬೇಕು ಎಂದುಕೊಂಡು ಪ್ಲೇ ಒತ್ತಿದೆ.

ಇಲ್ಲಿ ಆದದ್ದನ್ನು ಬಿಡಿಸಿ ಹೇಳದಿದ್ದರೆ ನೀವೂ ಅದನ್ನೇ ಮಾಡುತ್ತೀರಿ. ಕ್ಯಾಸೆಟ್ ಒಳಗೆ ಇಳಿದಾಗಲೇ ಯಂತ್ರವು ಅದರ ಮುಂಬಾಗಿಲನ್ನು ಎತ್ತುತ್ತದೆ; ಪ್ಲೇ ಒತ್ತಿದಾಗ ಟೇಪನ್ನು ಹೊರಗೆಳೆದು, ನಿಮಿಷಕ್ಕೆ 1500 ಸುತ್ತು ತಿರುಗುವ 62 ಮಿಲಿಮೀಟರ್ ವ್ಯಾಸದ ಡ್ರಮ್ಮಿಗೆ ಸುತ್ತುತ್ತದೆ. ಟೇಪನ್ನು ಮುಂದೆ ಎಳೆಯುವುದು ಕ್ಯಾಪ್‌ಸ್ಟನ್ ಎಂಬ ಉಕ್ಕಿನ ಕಡ್ಡಿ ಮತ್ತು ಅದಕ್ಕೆ ಒತ್ತಿಕೊಳ್ಳುವ ಪಿಂಚ್ ರೋಲರ್ ಎಂಬ ರಬ್ಬರಿನ ಗಾಲಿ; ಪಾಲ್ ಎಂಬ ನಮ್ಮ ಟಿವಿ ಪದ್ಧತಿಯಲ್ಲಿ ಈ ವೇಗ ಸೆಕೆಂಡಿಗೆ ಸುಮಾರು 23 ಮಿಲಿಮೀಟರ್. ಹಾಗೆ ಮುಂದೆ ಬಂದ ಟೇಪನ್ನು ಸುತ್ತಿಕೊಳ್ಳಬೇಕಾದದ್ದು ಬಲಬದಿಯ ರೀಲು. ಆ ರೀಲನ್ನು ತಿರುಗಿಸುವುದು, ಆ ಕಾಲದ ಬಹಳಷ್ಟು ಯಂತ್ರಗಳಲ್ಲಿ, ಐಡ್ಲರ್ ಎಂಬ ಸಣ್ಣ ಗಾಲಿ. ಅದರ ಅಂಚಿಗೆ ತೆಳ್ಳನೆಯ ಒಂದು ರಬ್ಬರ್ ಬಳೆ. ವರ್ಷಗಟ್ಟಲೆ ಓಡಿಸದೆ ಇಟ್ಟ ಯಂತ್ರದಲ್ಲಿ ಆ ಬಳೆ ಗಟ್ಟಿಯಾಗಿ, ನುಣುಪಾಗಿ, ಜಾರುತ್ತದೆ. ಮೋಟಾರ್ ತಿರುಗುತ್ತದೆ, ಟೇಪು ಮುಂದೆ ಬರುತ್ತದೆ, ರೀಲು ಮಾತ್ರ ತಿರುಗುವುದಿಲ್ಲ. ಬಂದ ಟೇಪು ಹೋಗಲು ಜಾಗವಿಲ್ಲದೆ ಯಂತ್ರದ ಹೊಟ್ಟೆಯೊಳಗೆ ಮಡಿಕೆಮಡಿಕೆಯಾಗಿ ಬೀಳುತ್ತದೆ.

ಯಂತ್ರ ಮಾಡಿದವರಿಗೆ ಇದು ತಿಳಿಯದ್ದಲ್ಲ. ರೀಲು ತಿರುಗುತ್ತಿಲ್ಲವೆಂದು ಗುರುತಿಸುವ ಸೆನ್ಸರ್ ಒಂದಿದೆ. ಕೆಲವೇ ಸೆಕೆಂಡುಗಳಲ್ಲಿ ಅದು ಯಂತ್ರವನ್ನು ನಿಲ್ಲಿಸುತ್ತದೆ. ನಮ್ಮದೂ ನಿಂತಿತು. ಪರದೆಯ ಮೇಲೆ ಚಾವಡಿಯ ಕಂಬ, ಮದ್ದಳೆಯವರ ಕೈ, ಅಜ್ಜನ ಬಿಳಿ ಮುಂಡಾಸು ಕಾಣಿಸಿ, ಅವರ ಸ್ವರ ಏಳುವ ಹೊತ್ತಿಗೆ ಎಲ್ಲ ಕಪ್ಪಾಯಿತು. ನಾನು ಅದನ್ನು ಹಳೆಯ ಯಂತ್ರದ ಹಠವೆಂದು ತಿಳಿದು ಮತ್ತೆ ಪ್ಲೇ ಒತ್ತಿದೆ. ಮತ್ತೆ ನಿಂತಿತು, ಮತ್ತೆ ಒತ್ತಿದೆ. ಪ್ರತಿ ಸಲ ಒತ್ತಿದಾಗಲೂ ಅರ್ಧ ಗೇಣಿನಷ್ಟು ಟೇಪು ಒಳಗೆ ಸುರಿಯುತ್ತಿತ್ತು ಎಂಬುದು ಆಮೇಲೆ ತಿಳಿದ ಲೆಕ್ಕ. ಕೊನೆಗೆ ಎಜೆಕ್ಟ್ ಒತ್ತಿದೆ, ಮತ್ತು ನಿಜವಾದ ನಷ್ಟ ಆದದ್ದು ಅಲ್ಲಿ. ಎಜೆಕ್ಟ್ ಮಾಡುವಾಗ ಹೊರಗಿರುವ ಟೇಪನ್ನು ಯಾವುದಾದರೂ ಒಂದು ರೀಲು ಒಳಗೆ ಸುತ್ತಿಕೊಳ್ಳಬೇಕು. ಆ ಕೆಲಸವೂ ಅದೇ ಜಾರುವ ಐಡ್ಲರಿನದ್ದೇ. ಅದು ಸುತ್ತಲಿಲ್ಲ. ಕ್ಯಾಸೆಟ್ಟಿನ ಬಾಗಿಲು ಹೊರಗೆ ಜೋತುಬಿದ್ದ ಟೇಪಿನ ಮೇಲೆಯೇ ಮುಚ್ಚಿಕೊಂಡಿತು, ಅರ್ಧ ಹೊರಬಂದ ಕ್ಯಾಸೆಟ್ಟನ್ನು ನಾನು ಕೈಯಿಂದ ಎಳೆದೆ.

ಟೇಪು ತುಂಡಾಗಲಿಲ್ಲ. ತುಂಡಾಗಿದ್ದರೆ ವಾಸಿಯಿತ್ತು, ಜೋಡಿಸಬಹುದಿತ್ತು. ಆದದ್ದು ಅದರ ಮೇಲಂಚು ಉದ್ದಕ್ಕೂ ಸುಕ್ಕಾದದ್ದು. ವಿಎಚ್‌ಎಸ್ ಎಂಬ ಈ ಬಗೆಯ ಕ್ಯಾಸೆಟ್ಟಿನ ಟೇಪಿನ ಅಗಲ ಅರ್ಧ ಇಂಚು. ಚಿತ್ರವಿರುವುದು ನಡುವಿನ ಅಗಲವಾದ ಭಾಗದಲ್ಲಿ, ಓರೆಗೆರೆಗಳಾಗಿ. ಕೆಳ ಅಂಚಿನಲ್ಲಿ ವೇಗವನ್ನು ಹಿಡಿದಿಡುವ ಕಂಟ್ರೋಲ್ ಟ್ರ್ಯಾಕ್; ಮೇಲಂಚಿನಲ್ಲಿ, ಒಂದು ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ, ಧ್ವನಿ. ಕೆಳಗೆ ಸುಕ್ಕಾದರೆ ಚಿತ್ರ ಹಾರಾಡುತ್ತದೆ, ಮೇಲೆ ಸುಕ್ಕಾದರೆ ಚಿತ್ರ ನಿಂತು ಮಾತು ಮುಳುಗುತ್ತದೆ. ಯಕ್ಷಗಾನದ ಆಟವಾಗಿದ್ದರೆ ಕುಣಿತವಾದರೂ ಉಳಿಯುತ್ತಿತ್ತು ಎನ್ನಬಹುದಿತ್ತು. ತಾಳಮದ್ದಳೆಯಲ್ಲಿ ಕುಳಿತವರು ಕುಳಿತೇ ಇರುತ್ತಾರೆ, ಇರುವುದೆಲ್ಲ ಮಾತು. ಅರ್ಧ ಮೀಟರ್ ಟೇಪೆಂದರೆ ಇಪ್ಪತ್ತು ಸೆಕೆಂಡಿಗೂ ಹೆಚ್ಚಿನ ಮಾತು; ಹಿಂದೊಮ್ಮೆ ನೋಡಿ ರಿವೈಂಡ್ ಮಾಡದೆ ನಡುವೆ ನಿಲ್ಲಿಸಿಟ್ಟ ಕ್ಯಾಸೆಟ್ ಅದಾದ್ದರಿಂದ, ಸುಕ್ಕು ಬಿದ್ದದ್ದು ವಾಲಿಯು ರಾಮನನ್ನು ಪ್ರಶ್ನಿಸುವ ಜಾಗಕ್ಕೇ. ಈಗ ಅಲ್ಲಿ ಅಜ್ಜ ಬೆರಳೆತ್ತಿ ಏನೋ ಕೇಳುತ್ತಾರೆ, ಏನೆಂದು ನಮಗೆ ಯಾರಿಗೂ ಗೊತ್ತಿಲ್ಲ.

ಮಂಗಳೂರಿನಲ್ಲಿ ಹಳೆಯ ಟಿವಿ ರಿಪೇರಿ ಮಾಡುವವರೊಬ್ಬರು ಯಂತ್ರದ ಮುಚ್ಚಳ ಬಿಚ್ಚಿ ಪಿಂಚ್ ರೋಲರನ್ನು ನನ್ನ ಕೈಗೆ ಕೊಟ್ಟರು. ಉಗುರು ಒತ್ತಿದರೆ ಗುರುತು ಬೀಳಬೇಕಾದ ರಬ್ಬರು ಚಾಲಿ ಅಡಿಕೆಯಷ್ಟು ಗಟ್ಟಿಯಾಗಿತ್ತು. ಬೆಲ್ಟು ಕರಗಿ ಗಾಲಿಗೆ ಕರಿ ಅಂಟಾಗಿ ಮೆತ್ತಿಕೊಂಡಿತ್ತು. ಡ್ರಮ್ಮಿನಲ್ಲಿದ್ದು ಟೇಪಿನ ಚಿತ್ರ ಓದುವ ಹೆಡ್ ಮಾತ್ರ ಹೊಸದರಂತಿದೆ, ಇನ್ನೂ ಎಷ್ಟೋ ವರ್ಷ ಓಡಬಹುದು ಎಂದು ಅವರು ಮೆಚ್ಚಿಕೊಂಡರು. ಐಡ್ಲರ್, ರೋಲರ್, ಬೆಲ್ಟುಗಳನ್ನು ಬದಲಿಸಿ, ಪವರ್ ಸಪ್ಲೈಯಲ್ಲಿ ಉಬ್ಬಿದ್ದ ಕೆಪಾಸಿಟರುಗಳನ್ನು ತೆಗೆದು ಬೇರೆ ಹಾಕಿದ ಮೇಲೆ ಅದೇ ಯಂತ್ರ ತಕರಾರಿಲ್ಲದೆ ಓಡಿತು.

ಆದ್ದರಿಂದ ಯಾವ ಕಂಪನಿ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಜೆವಿಸಿ ಜಪಾನಿನಲ್ಲಿ ವಿಎಚ್‌ಎಸ್ ತಂದದ್ದು 1976ರಲ್ಲಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಫುನಾಯ್ ಆ ಕೆಲಸ ನಿಲ್ಲಿಸಿದ್ದು 2016ರ ಜುಲೈಯಲ್ಲಿ. ಹೊಸ ವಿಸಿಆರ್ ಎಂಬುದು ಇಂದು ಇಲ್ಲ. ಆನ್‌ಲೈನಿನಲ್ಲಿ ‘ಉಪಯೋಗಿಸದ್ದು, ಡಬ್ಬ ಸಮೇತ’ ಎಂದು ದುಬಾರಿ ಬೆಲೆಗೆ ಮಾರುವುದೂ ಹಳೆಯ ರಬ್ಬರನ್ನೇ. ನನ್ನನ್ನು ಕೇಳಿದರೆ ಡಬ್ಬದಲ್ಲೇ ಕುಳಿತ ಯಂತ್ರಕ್ಕಿಂತ ನಿನ್ನೆ ತನಕ ಯಾರದ್ದೋ ಮನೆಯಲ್ಲಿ ಓಡುತ್ತಿದ್ದ ಯಂತ್ರ ಮೇಲು. ಒಂದು ಕಂಪನಿಯ ಹೆಸರಿನಲ್ಲಿ ಮಾರಾಟವಾದ ಯಂತ್ರವನ್ನು ಇನ್ನೊಂದು ಕಂಪನಿ ತಯಾರಿಸಿ ಕೊಡುವುದೂ ಆ ವ್ಯಾಪಾರದಲ್ಲಿ ಸಾಮಾನ್ಯವಾಗಿತ್ತು, ಹಾಗಾಗಿ ಮುಖಪಟ್ಟಿಯ ಹೆಸರಿಗೆ ಕಾಸು ಹಾಕಬೇಡಿ. ಭಾರದ ಮಾತೂ ಅಷ್ಟೆ: ಎಂಬತ್ತರ ದಶಕದ ಯಂತ್ರಗಳಲ್ಲಿ ಲೋಹ ಹೆಚ್ಚು ನಿಜ, ಬೆಲ್ಟುಗಳೂ ಹೆಚ್ಚು, ತೊಂಬತ್ತರ ದಶಕದವು ಹಗುರ, ಬೆಲ್ಟು ಕಡಿಮೆ, ಆದರೆ ಪ್ಲಾಸ್ಟಿಕ್ ಹಲ್ಲುಗಾಲಿಗಳು ಬಿರುಕು ಬಿಡುತ್ತವೆ.

ಇನ್ನು ‘ನೋಡಲು’ ಎಂದಿದ್ದೀರಿ. ದಯವಿಟ್ಟು ನೋಡಲು ಕೊಳ್ಳಬೇಡಿ. ಆ ಕ್ಯಾಸೆಟ್ ಒಮ್ಮೆ ಓಡಬೇಕು, ಓಡುವಾಗಲೇ ಕಂಪ್ಯೂಟರಿಗೆ ಇಳಿಯಬೇಕು, ಆಮೇಲೆ ಮನೆಮಂದಿಯೆಲ್ಲ ಬೇಕಾದಷ್ಟು ಸಲ ಫೋನಿನಲ್ಲೇ ನೋಡಿಕೊಳ್ಳಬಹುದು. ಇರುವುದು ಒಂದೇ ಕ್ಯಾಸೆಟ್ಟಾದರೆ ಈ ಕೆಲಸ ಮಾಡಿಕೊಡುವವರಿಗೆ, ಅವರ ಯಂತ್ರವನ್ನು ನಿಮ್ಮ ಕಣ್ಣೆದುರು ಬೇರೆ ಕ್ಯಾಸೆಟ್ ಹಾಕಿಸಿ ನೋಡಿದ ಮೇಲೆ, ಕೊಟ್ಟುಬಿಡಿ. ಹತ್ತಾರು ಕ್ಯಾಸೆಟ್ ಇದ್ದರೆ ಮಾತ್ರ ಅಟ್ಟದ ಯಂತ್ರವನ್ನು ರಬ್ಬರ್ ಬದಲಿಸಿ ಎಬ್ಬಿಸುವುದರಲ್ಲಿ ಅರ್ಥವಿದೆ. ಅಮೆರಿಕದಲ್ಲಿ ರೆಕಾರ್ಡಾದ ಕ್ಯಾಸೆಟ್ ಇದ್ದರೆ ಯಂತ್ರಕ್ಕೆ ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಓದಲು ಬರುತ್ತದೆಯೇ ಎಂದೂ ನೋಡಿಕೊಳ್ಳಿ.

ಯಾವ ಯಂತ್ರವೇ ಆಗಲಿ, ಮೊದಲು ಹೋದರೂ ಬೇಸರವಿಲ್ಲದ ಸಿನಿಮಾ ಕ್ಯಾಸೆಟ್ ಒಂದನ್ನು ಹಾಕಿ. ಪ್ಲೇ ಮಾಡಿ, ನಿಲ್ಲಿಸಿ, ಎಜೆಕ್ಟ್ ಮಾಡಿ. ಕ್ಯಾಸೆಟ್ಟನ್ನು ಎತ್ತುವ ಮೊದಲು ಟಾರ್ಚ್ ಹಿಡಿದು ಅದರ ಬಾಗಿಲಿನಡಿ ಟೇಪು ಜೋತುಬಿದ್ದಿದೆಯೇ ನೋಡಿ. ಕೂದಲೆಳೆಯಷ್ಟು ಜೋತಿದ್ದರೂ ಐಡ್ಲರ್ ಹೋಗಿದೆ ಎಂದೇ ಲೆಕ್ಕ. ಯಂತ್ರ ತಾನಾಗಿ ನಿಂತರೆ ಎರಡನೆಯ ಸಲ ಪ್ಲೇ ಒತ್ತಬೇಡಿ, ಎಜೆಕ್ಟನ್ನೂ ಒತ್ತಬೇಡಿ. ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಬಲ್ಲವರ ಹತ್ತಿರ ಕ್ಯಾಸೆಟ್ ಒಳಗಿದ್ದ ಹಾಗೆಯೇ ಒಯ್ಯಿರಿ. ಚಿತ್ರದಲ್ಲಿ ಹಿಮ ಸುರಿದಂತೆ ಕಂಡರೆ ಹೆಡ್ ಕೊಳೆಯಾಗಿದೆ: ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ತೋಯಿಸಿದ ಮೃದು ಚರ್ಮವನ್ನು ಡ್ರಮ್ಮಿಗೆ ತಾಗಿಸಿ ಅಲುಗಾಡದಂತೆ ಹಿಡಿದು ಡ್ರಮ್ಮನ್ನು ಕೈಯಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ, ಹತ್ತಿಕಡ್ಡಿಯ ನಾರೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ.

ಮದುವೆಯ ಕ್ಯಾಸೆಟ್ಟನ್ನು ಇವತ್ತೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಪಾರದರ್ಶಕ ಕಿಂಡಿಯಲ್ಲಿ ಸುತ್ತಿದ ಟೇಪಿನ ಅಂಚು ಕಪ್ಪಗೆ ಹೊಳೆಯಬೇಕು. ಬಿಳಿಯ ಪುಡಿಯೋ ಚುಕ್ಕೆಗಳೋ ಕಂಡರೆ ಅದು ಬೂಷ್ಟು, ನಮ್ಮ ಕಡೆಯ ಕ್ಯಾಸೆಟ್‌ಗಳಿಗೆ ಅದು ಹಿಡಿಯದಿದ್ದರೆ ಆಶ್ಚರ್ಯ. ಬೂಷ್ಟು ಹಿಡಿದದ್ದನ್ನು ಓಡಿಸಿದರೆ ಹೆಡ್ ಕಟ್ಟಿಕೊಳ್ಳುವುದಲ್ಲದೆ ಅದೇ ಯಂತ್ರದಿಂದ ಉಳಿದ ಕ್ಯಾಸೆಟ್‌ಗಳಿಗೂ ಹರಡುತ್ತದೆ, ಆದ್ದರಿಂದ ಅದನ್ನು ಬೇರೆ ಇಟ್ಟು, ಶುಚಿ ಮಾಡಲು ತಿಳಿದವರಿಗೇ ಕೊಡಬೇಕು. ಚೆನ್ನಾಗಿದ್ದರೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಪುಸ್ತಕದಂತೆ ನಿಲ್ಲಿಸಿ ಇಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಡಿಸೆಂಬರ್ ಕಳೆದು ಅಂಗಳದಲ್ಲಿ ಅಡಿಕೆ ಒಣಗುವ ದಿನಗಳಲ್ಲಿ ಮಾಡಿಸಿ. ಅಷ್ಟರೊಳಗೆ ಅಟ್ಟದ ಯಂತ್ರದ ಹಿಂಬದಿಯಲ್ಲಿರುವ ಮಾಡೆಲ್ ಸಂಖ್ಯೆಯನ್ನು ಬರೆದುಕೊಂಡರೆ ಸಾಕು, ಐಡ್ಲರೂ ರೋಲರೂ ಆ ಸಂಖ್ಯೆ ಹೇಳಿದರೆ ಮಾತ್ರ ಸಿಗುತ್ತವೆ.