ಬೆಕ್ಕಿನ ಮಾತು ಆಮೇಲೆ, ಮೊದಲು ಡಬ್ಬಿ ವಾಪಸ್ ಕೊಡಿ

ಈ ವಾರದ ಕಾಗದಗಳಲ್ಲಿ ಆಸ್ತಿ ಜಗಳ ಇತ್ತು, ಮದುವೆ ಬೇಡ ಅನ್ನೋ ಮಗ ಇದ್ದ, ಮಾತು ಬಿಟ್ಟ ಅಕ್ಕತಂಗಿಯರು ಇದ್ದರು. ಅವನ್ನೆಲ್ಲ ಪಕ್ಕಕ್ಕಿಟ್ಟು ಬೆಕ್ಕಿನ ಕಾಗದ ಎತ್ತಿಕೊಂಡಿದ್ದೇನೆ. ಓದಿ ಎರಡು ದಿನವಾದರೂ ತಲೆಯಿಂದ ಹೋಗಿಲ್ಲ.

ಬರೆದವರು ಮೈಸೂರಿನ ಒಂದು ಬಡಾವಣೆಯ ಗೃಹಿಣಿ. ವಯಸ್ಸು 53. ಪಕ್ಕದ ಮನೆಯಲ್ಲಿ ನಿವೃತ್ತ ಹೈಸ್ಕೂಲ್ ಟೀಚರ್ ಒಬ್ಬರೇ ಇದ್ದಾರೆ. ಅವರು ಎರಡು ಬೆಕ್ಕಿಗೆ ಅನ್ನ ಹಾಕಲು ಶುರು ಮಾಡಿದರು, ಈಗ ಏಳಾಗಿವೆ. ಏಳೂ ಊಟ ಅಲ್ಲಿ ಮುಗಿಸಿ, ಮಿಕ್ಕ ಕೆಲಸಕ್ಕೆ ಕಾಂಪೌಂಡ್ ಹಾರಿ ಇವರ ಮನೆಗೆ ಬರುತ್ತವೆ. ಕನಕಾಂಬರದ ಪಾತಿ ಕೆರೆದು ಗಲೀಜು ಮಾಡುತ್ತವೆ. ಬೆಳಗ್ಗೆ ಗೇಟಿಗೆ ನೇತುಹಾಕಿದ ಚೀಲದಲ್ಲಿ ನಂದಿನಿ ಪ್ಯಾಕೆಟ್ಟಿಗೆ ಎರಡು ಹಲ್ಲಿನ ತೂತು, ಕೆಳಗೆ ರಂಗೋಲಿ ಮೇಲೆ ಹಾಲು. ಸ್ಕೂಟರ್ ಸೀಟು ಕಿತ್ತು ಸ್ಪಂಜು ಹೊರಗೆ ಬಂದಿದೆ. 80 ದಾಟಿದ ಅತ್ತೆ ತಾರಸಿ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟರೆ, ಈ ಅಂಚಿನಿಂದ ಆ ಅಂಚಿಗೆ ಸಾಲಾಗಿ ಪುಟ್ಟ ಪುಟ್ಟ ಹೆಜ್ಜೆ. ಇದರ ಮೇಲೆ ಐದು ತಿಂಗಳ ಬಸುರಿ ಮಗಳು ಮುಂದಿನ ತಿಂಗಳು ತವರಿಗೆ ಬರುತ್ತಿದ್ದಾಳೆ.

ಏನೇನು ಮಾಡಿದಿರಿ ಅಂತ ಪಟ್ಟಿಯನ್ನೂ ಕೊಟ್ಟಿದ್ದಾರೆ. ಫಿನಾಯಿಲ್ ಸುರಿದರು. ನುಸಿಗುಳಿಗೆ ಇಟ್ಟರು. ಕಾರದಪುಡಿ ಎರಚಿದರು, ಗಾಳಿ ತಿರುಗಿ ಅದು ಯಜಮಾನರ ಕಣ್ಣಿಗೇ ಬಿತ್ತು. ಗೇಟಿನ ಹತ್ತಿರ ನೀಲಿ ನೀರಿನ ಬಾಟಲಿ ಇಟ್ಟರು. ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಗಲೀಜಿನ ಫೋಟೋ ಹಾಕಿದರು. "ಕಾಂಪೌಂಡ್ ಹತ್ತಿರ ನಿಂತು ಮೂರು ಸಲ ಹೇಳಿಯೂ ಆಯಿತು, ಅವರಿಗೆ ಅರ್ಥವಾಗುತ್ತಿಲ್ಲ. ಗೋಣಿಚೀಲಕ್ಕೆ ತುಂಬಿ ದೂರ ಬಿಟ್ಟು ಬರ್ತೀನಿ ಅಂತ ಮೈದುನ ಹೇಳ್ತಿದ್ದಾನೆ. ಆಗದಿದ್ದರೆ ಹಾಲಿಗೆ ಬೆರೆಸೋ ಪುಡಿ ಇದೆಯಂತೆ. ಏನು ಮಾಡಲಿ?" ಇದು ಪ್ರಶ್ನೆ.

ಮೊದಲು ಅತ್ತೆಯವರಿಗೆ ನನ್ನ ನಮಸ್ಕಾರ. ಈ ಕಾಗದದಲ್ಲಿ ನನಗೆ ಪೂರ್ತಿ ಕನಿಕರ ಹುಟ್ಟಿದ್ದು ಅವರ ಮೇಲೆ. ಬೆಳಗಿನ ಜಾವ ಎದ್ದು, ತಳ ಹಿಡಿಯದ ಹಾಗೆ ಹಿಟ್ಟು ತೊಳಸಿ, ಬಿಸಿಲು ಏರೋ ಮೊದಲು ಮೆಟ್ಟಿಲು ಹತ್ತಿ ಒಂದೊಂದೇ ಸಂಡಿಗೆ ಇಡೋದು ಆ ವಯಸ್ಸಿನಲ್ಲಿ ಸಣ್ಣ ಕೆಲಸವಲ್ಲ. ಸೊಂಟ ಹಿಡಿದುಕೊಂಡು ಮಧ್ಯಾಹ್ನ ಮತ್ತೆ ಹತ್ತಿ ನೋಡಿದರೆ ಬೆಕ್ಕಿನ ಹೆಜ್ಜೆ. ನಾನಾಗಿದ್ದರೆ ಅಲ್ಲೇ ಕೂತು ಅಳುತ್ತಿದ್ದೆ.

ತಾಯಿ, ನಿಮ್ಮ ಮೇಲೆ ಅಷ್ಟು ಕನಿಕರ ಬರಲಿಲ್ಲ. ಕಾರಣ ನಿಮ್ಮ ಕಾಗದದ ಮೂರನೇ ಪುಟದಲ್ಲಿದೆ. ಸ್ಕೂಟರ್ ಸೀಟಿನ ಕಥೆ ಮತ್ತು ನುಸಿಗುಳಿಗೆ ಕಥೆ ನಡುವೆ ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. "ಮೊದಲು ಚೆನ್ನಾಗೇ ಇದ್ದೆವು. ಅವರ ಯಜಮಾನರು ತೀರಿಕೊಂಡ ಮೇಲೆ ಹೋಗಿ ಬರೋದು ಕಡಿಮೆಯಾಯಿತು. ಅವರ ಒಂದು ಸ್ಟೀಲ್ ಡಬ್ಬಿ ಇನ್ನೂ ನಮ್ಮಲ್ಲೇ ಉಳಿದಿದೆ."

ಮೂರು ವರ್ಷದ ಹಿಂದೆ ಅವರ ಯಜಮಾನರು ಹೋದರು ಅಂತ ನೀವೇ ಬರೆದಿದ್ದೀರಿ. ಬೆಕ್ಕಿನ ಕಾಟ ಎರಡೂವರೆ ವರ್ಷದ್ದು ಅಂತಲೂ ನೀವೇ ಬರೆದಿದ್ದೀರಿ. ಎರಡು ಪುಟ ದೂರ ದೂರ ಬರೆದಿದ್ದಕ್ಕೆ ನಿಮಗೆ ಕಾಣಲಿಲ್ಲವೇನೋ. ಮನುಷ್ಯರು ಬರೋದು ನಿಂತು ಆರು ತಿಂಗಳಿಗೆ ಆ ಮನೆಗೆ ಬೆಕ್ಕು ಬಂದಿದೆ.

ಮೂರು ಸಲ ಹೇಳಿದೆ ಅಂತೀರಲ್ಲ, ಅದನ್ನು ನಾನು ಒಂದು ಸಲವೂ ಲೆಕ್ಕಕ್ಕೆ ಹಿಡಿಯಲ್ಲ. ಕಾಂಪೌಂಡ್ ಮೇಲಿಂದ ಆಡಿದ್ದು ಮಾತಲ್ಲ ಅಂತ ಈ ಅಂಕಣದಲ್ಲಿ ನೂರು ಸಲ ಬರೆದಿದ್ದೇನೆ. ತೆಂಗಿನ ಗರಿ ಬಿದ್ದ ಜಗಳಕ್ಕೂ ಅದನ್ನೇ ಬರೆದೆ, ಮಳೆ ನೀರಿನ ಪೈಪಿನ ಜಗಳಕ್ಕೂ ಅದನ್ನೇ ಬರೆದೆ. ಮಾತಾಡಬೇಕಾದರೆ ಗೇಟು ತೆಗೆದು, ಚಪ್ಪಲಿ ಬಿಟ್ಟು, ಒಳಗೆ ಹೋಗಿ ಕೂರಬೇಕು. ಇನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ ಫೋಟೋ! ನೂರಾರು ಮನೆಯವರು ಬೆಳಗ್ಗೆ ಕಾಫಿ ಕುಡಿಯುತ್ತಾ ಅದನ್ನು ನೋಡಿದ್ದಾರೆ. ಟೀಚರಮ್ಮನೂ ನೋಡಿದ್ದಾರೆ. ಇವತ್ತೇ ಅಳಿಸಿ.

ಈಗ ನಿಮ್ಮ ಮೈದುನನ ವಿಷಯ. ಇಂಥ ಒಬ್ಬರು ಎಲ್ಲ ಮನೆಯಲ್ಲೂ ಇರುತ್ತಾರೆ. ಹಬ್ಬಕ್ಕೆ ಬಂದು, ಎಲೆ ಮುಂದೆ ಕೂತು, ಕೋಸಂಬರಿ ಬಡಿಸುವಷ್ಟರಲ್ಲಿ ಉಪಾಯ ಹೇಳಿ ಮುಗಿಸುತ್ತಾರೆ. ಆಮೇಲೆ ಅನುಭವಿಸೋದು ನೀವು. ಆ ಪುಡಿಯ ಬಗ್ಗೆ ಅವರಿಗೆ ಇಷ್ಟು ತಿಳಿಸಿ: ಪ್ರಾಣಿಗೆ ವಿಷ ಹಾಕೋದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಅಪರಾಧ, ಐದು ವರ್ಷದವರೆಗೆ ಜೈಲು ಆಗಬಹುದು. ಆ ಹಾಲನ್ನು ಯಾವ ಮಗು, ಯಾವ ನಾಯಿ, ಯಾವ ಕಾಗೆ ಮುಟ್ಟುತ್ತದೋ ಅದನ್ನು ಯಾರೂ ಕಾದು ಕೂರಲಾಗದು. ಗೋಣಿಚೀಲದ ಉಪಾಯವೂ ನಡೆಯಲ್ಲ. ಅನ್ನ ನೀರು ಸಿಗದ ಕಡೆ ಪ್ರಾಣಿಯನ್ನು ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ವಿರುದ್ಧ. ಅದೂ ಅಲ್ಲದೆ ಪಕ್ಕದ ಮನೆಯಲ್ಲಿ ತಟ್ಟೆ ಇರೋವರೆಗೆ ಹೋದ ಬೆಕ್ಕಿನ ಜಾಗಕ್ಕೆ ಇನ್ನೊಂದು ಬಂದೇ ಬರುತ್ತದೆ. ಎಷ್ಟೋ ಸಲ ಹೋದದ್ದೇ ವಾಪಸ್ ಬರುತ್ತದೆ, ಅಲ್ವಾ?

ಫಿನಾಯಿಲ್ ಇವತ್ತಿಂದಲೇ ನಿಲ್ಲಿಸಿ. ಬೆಕ್ಕಿನ ಲಿವರ್‌ಗೆ ಅಂಥ ವಸ್ತುವನ್ನು ಅರಗಿಸೋ ಶಕ್ತಿ ತುಂಬಾ ಕಡಿಮೆ. ಅದರ ಮೇಲೆ ನಡೆದು ಆಮೇಲೆ ಪಾದ ನೆಕ್ಕಿಕೊಂಡರೂ ಅದಕ್ಕೆ ವಿಷವೇ. ನುಸಿಗುಳಿಗೆಯೂ ಅಷ್ಟೆ. ನಾಳೆ ಆ ಅಂಗಳದಲ್ಲಿ ನಿಮ್ಮ ಮೊಮ್ಮಗು ಅಂಬೆಗಾಲಿಡುತ್ತದೆ, ಬಿಳಿ ಗುಳಿಗೆ ಕಂಡರೆ ಪೆಪ್ಪರಮಿಂಟು ಅಂದುಕೊಳ್ಳುತ್ತದೆ. ನೀಲಿ ಬಾಟಲಿಯ ಬಗ್ಗೆ ಜಾಸ್ತಿ ಹೇಳಲ್ಲ. ಒಂದು ಬೇಸಿಗೆ ನಾನೂ ಇಟ್ಟಿದ್ದೆ. ಬೀದಿಯ ಕಂದು ಬೆಕ್ಕೊಂದು ಮಧ್ಯಾಹ್ನವೆಲ್ಲ ಆ ಬಾಟಲಿಗೆ ಒರಗಿಕೊಂಡು ಮಲಗುತ್ತಿತ್ತು. ತಂಪಾಗಿತ್ತೇನೋ.

ಬೆಕ್ಕಿಗೆ ನಿಮ್ಮ ಕನಕಾಂಬರದ ಮೇಲೆ ದ್ವೇಷವಿಲ್ಲ. ಅದಕ್ಕೆ ಬೇಕಾಗಿರೋದು ಸಡಿಲವಾದ ಒಣ ಮಣ್ಣು. ನೀವು ಪಾತಿ ಅಗೆದು, ಗೊಬ್ಬರ ಬೆರೆಸಿ, ಪುಡಿ ಪುಡಿ ಮಾಡಿ ಇಟ್ಟಿದ್ದೀರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಳಿಗೂಡಿಗೆ ಹಾಕೋ ತಂತಿ ಜಾಲರಿ ಸಿಗುತ್ತದೆ. ಅದನ್ನು ಪಾತಿ ಮೇಲೆ ಚಪ್ಪಟೆಯಾಗಿ ಹಾಸಿ, ಅಂಚು ಒಳಗೆ ಮಡಚಿ, ತೆಳುವಾಗಿ ಮಣ್ಣು ಮುಚ್ಚಿ. ಗಿಡ ತೂತಿನಿಂದ ಮೇಲೆ ಬರುತ್ತದೆ, ಬೆಕ್ಕಿಗೆ ಕೆರೆಯಲು ಆಗುವುದಿಲ್ಲ. ಜಾಲರಿ ಸಿಗೋವರೆಗೆ ತೆಂಗಿನ ಸಿಪ್ಪೆ ಒತ್ತೊತ್ತಾಗಿ ಜೋಡಿಸಿ, ಮಣ್ಣು ಒದ್ದೆ ಇಡಿ. ಹಾಲಿಗೆ ಗೇಟಿನ ಒಳಗೆ ಮುಚ್ಚಳ ಇರೋ ಬಕೆಟ್. ಸಂಡಿಗೆಗೆ ಹಳೇ ಸೊಳ್ಳೆ ಪರದೆ. ಸ್ಕೂಟರಿಗೆ ಕವರ್. ಇಷ್ಟು ಸಾಕು.

ಮಗಳ ವಿಷಯದಲ್ಲಿ ನಿಮ್ಮ ಭಯ ಸುಳ್ಳಲ್ಲ, ಆದರೆ ದಿಕ್ಕು ತಪ್ಪಿದೆ. ಟಾಕ್ಸೊಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿ ಬೆಕ್ಕಿನ ಮಲದಲ್ಲಿ ಇರಬಹುದು. ಗರ್ಭಿಣಿಗೆ ಮೊದಲ ಸಲ ತಗುಲಿದರೆ ಹೊಟ್ಟೆಯಲ್ಲಿರೋ ಮಗುವಿಗೆ ತೊಂದರೆಯಾಗಬಹುದು. ಬೆಕ್ಕು ಪಕ್ಕದಲ್ಲಿ ಹಾದು ಹೋದರೆ ಅದು ಬರೋದಿಲ್ಲ. ಗಲೀಜಾದ ಮಣ್ಣು ಕೈಗೆ ಹತ್ತಿ ಬಾಯಿಗೆ ಹೋಗಬೇಕು, ಇಲ್ಲವೇ ತೊಳೆಯದ ಸೊಪ್ಪು, ಸರಿಯಾಗಿ ಬೇಯದ ಮಾಂಸ ತಿನ್ನಬೇಕು. ಹೊಸ ಮಲದಿಂದ ಅದು ಅಂಟುವುದಿಲ್ಲ, ಅಂಟುವಂತಾಗಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ದಿನವೂ ತೆಗೆದು ಹಾಕಿ. ತೆಗೆಯೋದು ನಿಮ್ಮ ಯಜಮಾನರ ಕೆಲಸ, ಗ್ಲೌಸ್ ಹಾಕಿಕೊಂಡು. ಮಗಳು ಪಾತಿಗೆ ಕೈ ಹಾಕೋದು ಬೇಡ. ಡಾಕ್ಟರ ಹತ್ತಿರ ಹೋದಾಗ ಪಕ್ಕದ ಮನೆಯಲ್ಲಿ ಬೆಕ್ಕಿವೆ ಅಂತ ಹೇಳಲಿ.

ಇದೆಲ್ಲ ತೇಪೆ ಹಾಕೋ ಕೆಲಸ. ಏಳು ಹದಿನಾಲ್ಕಾಗದ ಹಾಗೆ ನೋಡಿಕೊಳ್ಳದಿದ್ದರೆ ಯಾವ ಜಾಲರಿಯೂ ಸಾಲದು. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬಸಿರಾಗಬಹುದು. ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ಒಂದು ಸೂಲಿಗೆ ಮೂರು ನಾಲ್ಕು. ನಿಮ್ಮ ಮಗಳ ಬಾಣಂತನ ಮುಗಿಯುವಷ್ಟರಲ್ಲಿ ಪಕ್ಕದ ಮನೆಯಲ್ಲಿ ಎರಡೆರಡು ಬಾಣಂತನ ಆಗಿರುತ್ತದೆ. ಆಪರೇಷನ್ ಆಗಲೇಬೇಕು, ಹೆಣ್ಣು ಬೆಕ್ಕಿಗೆ ಮೊದಲು. ಗಂಡು ಬೆಕ್ಕಿಗೂ ಆದರೆ ಗೋಡೆಗೆ ಉಚ್ಚೆ ಹಾರಿಸೋದು, ರಾತ್ರಿ ಕಿರುಚಾಡಿ ಕಾದಾಡೋದು ಬಹಳ ಮಟ್ಟಿಗೆ ತಗ್ಗುತ್ತದೆ. ಟೀಚರಮ್ಮ ಒಬ್ಬರೇ ಏಳು ಬೆಕ್ಕು ಹಿಡಿದು, ಬುಟ್ಟಿಗೆ ಹಾಕಿ, ಆಟೋ ಹತ್ತಿಸಿ ಡಾಕ್ಟರ ಹತ್ತಿರ ಒಯ್ಯುತ್ತಾರೆ ಅಂದುಕೊಂಡಿದ್ದೀರಾ? ಅವರಿಗೆ ಜೊತೆ ಬೇಕು. ಪಕ್ಕದ ಮನೆ ನಿಮ್ಮದೇ.

ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ನೀವು ಕೊನೆಯ ಸಾಲಿನಲ್ಲಿ ಕೇಳಿದ್ದೀರಿ. ನಾನು ಹೇಳೋ ಕೆಲಸ ಅದಕ್ಕಿಂತ ಸುಲಭ. ಈ ಶನಿವಾರ ಸಂಜೆ ಆ ಡಬ್ಬಿ ವಾಪಸ್ ಕೊಡಿ. ಬೇರೇನೂ ಬೇಡ, ಇದೊಂದು ಮಾಡಿ. ಅಟ್ಟದ ಮೇಲಿಂದ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ. ಖಾಲಿ ಡಬ್ಬಿ ಕೊಡಬಾರದು ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ. ಅತ್ತೆಯ ಸಂಡಿಗೆಯಲ್ಲಿ ಬೆಕ್ಕು ತುಳಿಯದೆ ಉಳಿದದ್ದನ್ನು ಕರಿದು ತುಂಬಿ. ಅತ್ತೆಯವರನ್ನೂ ಕೈ ಹಿಡಿದು ಕರೆದುಕೊಂಡು ಹೋಗಿ. ಬೆಕ್ಕಿನ ಮಾತು ನೀವಾಗಿ ತೆಗೆಯಬೇಡಿ. ಕಾಫಿ ಬರಲಿ. ಅವರ ಯಜಮಾನರ ಮಾತು ಬಂದರೆ ಗಡಿಯಾರ ನೋಡಬೇಡಿ, ಮೂರು ವರ್ಷದ ಬಾಕಿ ಇದೆ. ಅಷ್ಟರಲ್ಲಿ ಯಾವುದಾದರೂ ಒಂದು ಬೆಕ್ಕು ಬಂದು ನಿಮ್ಮ ಸೀರೆಯ ನೆರಿಗೆ ಮೂಸುತ್ತದೆ. ಆಗ ಕೇಳಿ: "ಮೇಡಂ, ಇವಕ್ಕೆ ಆಪರೇಷನ್ ಮಾಡಿಸೋಣವಾ? ಆಟೋದಲ್ಲಿ ನಾನೂ ಬರ್ತೀನಿ, ಖರ್ಚಿನಲ್ಲಿ ಅರ್ಧ ನಮ್ಮದು."

ಅವರು ಒಪ್ಪಿದರೆ ಅವರ ಹಿತ್ತಲಲ್ಲೇ ಒಂದು ಮೂಲೆಯಲ್ಲಿ, ಮಳೆ ಬೀಳದ ಕಡೆ, ನಾಲ್ಕು ಇಟ್ಟಿಗೆ ಸುತ್ತು ಕಟ್ಟಿ ಮರಳು ಸುರಿಯಿರಿ. ಊಟದ ತಟ್ಟೆಯಿಂದ ಸ್ವಲ್ಪ ದೂರ ಇರಲಿ, ಉಂಡ ಕಡೆ ಅವು ಗಲೀಜು ಮಾಡೋದಿಲ್ಲ. ದಿನಾ ಚೊಕ್ಕಟ ಮಾಡಿದರೆ ಏಳೂ ಅಲ್ಲೇ ಹೋಗೋ ಅಭ್ಯಾಸ ಮಾಡಿಕೊಳ್ಳುತ್ತವೆ. ಆ ಮರಳು ತರೋ ಕೆಲಸಕ್ಕೆ ನಿಮ್ಮ ಮೈದುನನಿಗೆ ಫೋನ್ ಮಾಡಿ. ಗೋಣಿಚೀಲ ಹೇಗೂ ಅವರ ಹತ್ತಿರ ಇದೆಯಲ್ಲ.