ಹುಣ್ಣಿಮೆ ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ?

ಮಲ್ಪೆಯ ಓದುಗರೊಬ್ಬರ ಪ್ರಶ್ನೆ: ‘ವೈಜ್ಞಾನಿಕ ಕತೆಗಳ ಚಂದ್ರ ಕಲ್ಲು, ಧೂಳು. ಫ್ಯಾಂಟಸಿ ಕತೆಗಳಲ್ಲಿ ಅವನು ಅಳುತ್ತಾನೆ, ಮಾತಾಡುತ್ತಾನೆ. 2023ರಲ್ಲಿ ನಮ್ಮ ವಿಕ್ರಮ್ ಅಲ್ಲಿ ಇಳಿದ ಮೇಲೂ ಇಂಥದ್ದನ್ನು ಯಾಕೆ ಅಚ್ಚು ಹಾಕುತ್ತೀರಿ?’

ಸಂಪಾದಕರ ಉತ್ತರ: ವೈಜ್ಞಾನಿಕ ಕತೆಯ ಚಂದ್ರ ಅಷ್ಟೇನೂ ಸಾಚಾ ಅಲ್ಲ ಮಾರಾಯ್ರೆ! 1865ರಲ್ಲಿ ಫ್ರಾನ್ಸಿನ ಕತೆಗಾರ ಜೂಲ್ಸ್ ವರ್ನ್ ತನ್ನ ಕಾದಂಬರಿಯಲ್ಲಿ ಮೂವರನ್ನು ಫಿರಂಗಿಯಿಂದ ಚಂದ್ರನತ್ತ ಹಾರಿಸಿದ. ನಿಜಕ್ಕೂ ಹಾಗೆ ಮಾಡಿದ್ದರೆ ಹೊರಡುವಾಗಲೇ ಮೂವರೂ ಚಪ್ಪಟೆ. ಆರ್ಥರ್ ಕ್ಲಾರ್ಕ್‌ನ 1961ರ ಕಾದಂಬರಿಯಲ್ಲಿ ಪ್ರವಾಸಿಗರ ದೋಣಿಯೊಂದು ಚಂದ್ರನ ಧೂಳಿನ ಕಡಲಲ್ಲಿ ಮುಳುಗುತ್ತದೆ. ಅಂಥ ಆಳದ ಧೂಳು ಇರಬಹುದೆಂದು ಆಗ ಕೆಲವು ವಿಜ್ಞಾನಿಗಳೂ ನಂಬಿದ್ದರು. 1966ರಲ್ಲಿ ಅಮೆರಿಕದ ಸರ್ವೇಯರ್ 1 ನೌಕೆ ಚಂದ್ರನ ಮೇಲೆ ಇಳಿಯಿತು, ನೆಲ ಗಟ್ಟಿಯೇ ಇತ್ತು. ಆದರೂ ಪುಸ್ತಕ ಇವತ್ತಿಗೂ ಓದಿಸಿಕೊಳ್ಳುತ್ತದೆ. ಯಾಕೆ ಗೊತ್ತಾ? ಮುಳುಗಿದವರನ್ನು ಕಾಡುವ ಕಷ್ಟಗಳಲ್ಲಿ ಸೆಕೆಯೂ ಒಂದು. ಸುತ್ತ ಧೂಳು ಮುಚ್ಚಿದರೆ ಒಳಗಿನ ಶಾಖ ಹೋಗುವುದಾದರೂ ಎಲ್ಲಿಗೆ? ಧೂಳಿನ ಕಡಲು ಸುಳ್ಳು, ಲೆಕ್ಕ ಸರಿ.

ಫ್ಯಾಂಟಸಿಯ ಚಂದ್ರನಿಗೆ ಈ ತಾಪತ್ರಯ ಇಲ್ಲ. ಇಟಲಿಯ ಅರಿಯೋಸ್ಟೊ 16ನೇ ಶತಮಾನದಲ್ಲೇ ಒಂದು ಕಾವ್ಯ ಬರೆದ. ಭೂಮಿಯಲ್ಲಿ ಕಳೆದುಹೋದದ್ದೆಲ್ಲ ಅದರಲ್ಲಿ ಚಂದ್ರನ ಮೇಲೆ ಹೋಗಿ ಬಿದ್ದಿರುತ್ತದೆ. ಹುಚ್ಚು ಹಿಡಿದ ವೀರನ ಬುದ್ಧಿಯನ್ನು ಗೆಳೆಯ ಅಲ್ಲಿಂದ ಶೀಶೆಯಲ್ಲಿ ತುಂಬಿ ತರುತ್ತಾನೆ. ಉಡುಪಿಯ ಚಂದ್ರಮೌಳೀಶ್ವರನ ಕತೆ ನಿಮಗೆ ಗೊತ್ತೇ ಇದೆ. ಚಂದ್ರನಿಗೆ ಇಪ್ಪತ್ತೇಳು ಹೆಂಡಿರಲ್ಲಿ ರೋಹಿಣಿ ಒಬ್ಬಳ ಮೇಲೇ ಪ್ರೀತಿ, ಮಾವ ದಕ್ಷನ ಶಾಪ, ಆಮೇಲೆ ಇಲ್ಲಿ ತಪಸ್ಸು. ಯಾವ ನೌಕೆ ಇಳಿದರೂ ಈ ಕತೆಗಳಿಗೆ ಏಟು ಬೀಳುವುದಿಲ್ಲ.

ಹಾಗಂತ ಏನು ಬೇಕಾದರೂ ಬರೆಯಬಹುದು ಅಂತಲ್ಲ. ‘ನಡುರಾತ್ರಿ ಪೂರ್ಣಚಂದ್ರ ಉದಯಿಸಿದ’ ಎನ್ನುವ ಕತೆಗಳು ನಮ್ಮ ಟೇಬಲ್‌ಗೆ ಆಗಾಗ ಬರುತ್ತವೆ. ಕೃಷ್ಣಾಷ್ಟಮಿಗೆ ಉಪವಾಸ ಕೂತು, ಅರ್ಘ್ಯ ಕೊಡಲು ಕಾದವರನ್ನು ಕೇಳಿ. ನಡುರಾತ್ರಿಯ ಹೊತ್ತಿಗೆ ಹುಟ್ಟುವುದು ಅಷ್ಟಮಿಯ ಅರ್ಧ ಚಂದ್ರ. ಹುಣ್ಣಿಮೆಯವನು ಸೂರ್ಯ ಮುಳುಗುವ ಹೊತ್ತಿಗೇ ಹಾಜರ್. ಚಂದ್ರ ಅಳಲಿ, ಹಾಡಲಿ, ನಮ್ಮ ಅಡ್ಡಿ ಇಲ್ಲ. ತಡವಾಗಿ ಬಂದರೆ ಮಾತ್ರ ಯಾಕೆ ಅಂತ ಕತೆಯೇ ಹೇಳಬೇಕು. ಹೇಳದ ಕತೆಯನ್ನು ವಾಪಸ್ ಕಳಿಸುತ್ತೇವೆ.

ಅಂದ ಹಾಗೆ, ಚಂದ್ರನ ಮೇಲೆ ನಿಂತವರಿಗೆ ಭೂಮಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತದೆ. ಹಿಂಬದಿಯಲ್ಲಿರುವವರಿಗೆ ಕಾಣುವುದೇ ಇಲ್ಲ. ಉಬ್ಬರ, ಇಳಿತ ನೋಡುತ್ತ ಬೆಳೆದವರು ನೀವು. ಇದನ್ನಿಟ್ಟುಕೊಂಡು ಒಂದು ಕತೆ ಬರೆದು ಕಳಿಸಿ. ಯಾವ ಬಗೆಯದಾದರೂ ಸರಿ.